ಅಮ್ಮನ ಮರೆವಿಗೆ ‘ಫಂಕ್ಷನಲ್ ಮೆಡಿಸಿನ್’ ಪ್ಯಾಕೇಜ್: ಶನಿವಾರದೊಳಗೆ ದುಡ್ಡು ಕಟ್ಬೇಕಂತೆ

ಗಿರಿನಗರ_ಶಶಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಅಮ್ಮಂಗೆ 68. ಮಿಡ್ಲ್ ಸ್ಕೂಲಲ್ಲಿ ಗಣಿತದ ಮೇಡಂ ಆಗಿದ್ದವರು. ನಮ್ಮ ರಸ್ತೆ ಹೆಂಗಸರ ಚೀಟಿ ಲೆಕ್ಕ ಹದಿನೈದು ವರ್ಷ ಇವರ ಬಾಯಲ್ಲೇ ಇತ್ತು. ಯಾರ ಕಂತು ಬಾಕಿ, ಈ ತಿಂಗಳು ಚೀಟಿ ಎಷ್ಟಕ್ಕೆ ಕೂಗಿದ್ರು, ಪುಸ್ತಕ ತೆಗೀದೇ ಹೇಳೋರು. ಹೋದ ವರ್ಷದಿಂದ ಲೆಕ್ಕ ತಪ್ತಿದೆ. ಹಾಲಿನ ಕ್ಯಾಲೆಂಡರಲ್ಲಿ ಒಂದೇ ದಿನಕ್ಕೆ ಎರಡು ಸಲ ‘1 ಲೀ’ ಅಂತ ಬರ್ದಿರ್ತಾರೆ. ಕೇಳಿದ್ರೆ ‘ಅದು ನಾನು ಬರ್ದಿದ್ದಲ್ಲ’ ಅಂತಾರೆ. ಅಕ್ಷರ ಅವರದ್ದೇ.

ಒಂದು ದೊಡ್ಡ ಆಸ್ಪತ್ರೆಯಲ್ಲಿ ನ್ಯೂರಾಲಜಿಸ್ಟ್‌ಗೆ ತೋರಿಸಿದ್ವಿ. ಎಂಆರ್‌ಐ ಆಯ್ತು. ‘ಅಲ್ಜೈಮರ್ಸ್ ಶುರುವಿನ ಹಂತ ಇರೋ ಹಾಗಿದೆ’ ಅಂತ ಹೇಳಿ ಡೊನೆಪೆಜಿಲ್ 5 ಎಂಜಿ ಬರೆದು, ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು. ಒಳಗಿದ್ದದ್ದು ನಾಲ್ಕು ನಿಮಿಷ. ಹೊರಗೆ ಕಾದಿದ್ದು ಎರಡೂವರೆ ಗಂಟೆ.

ಈಗ ನಮ್ಮ ಚಿಕ್ಕಪ್ಪನ ಮಗ ಒಂದು ಫಂಕ್ಷನಲ್ ಮೆಡಿಸಿನ್ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿದ್ದ. ಹೆಸರು ಬೇಡ. ಅಲ್ಲಿ ಒಂದೂವರೆ ಗಂಟೆ ಮಾತಾಡಿಸಿದ್ರು. ಅಮ್ಮ ಏನು ತಿಂತಾರೆ, ಎಷ್ಟು ಹೊತ್ತಿಗೆ ಮಲಗ್ತಾರೆ, ಅಪ್ಪ ತೀರಿಕೊಂಡಿದ್ದು ಯಾವಾಗ, ಎಲ್ಲಾ. ಆರು ತಿಂಗಳ ಪ್ಯಾಕೇಜು 2 ಲಕ್ಷ 40 ಸಾವಿರ. ಅದರಲ್ಲಿ ಕರುಳಿನ ಪರೀಕ್ಷೆ, ಯಾವ ಆಹಾರ ಆಗಲ್ಲ ಅನ್ನೋ ಪರೀಕ್ಷೆ, ಮೈಯಲ್ಲಿ ಸೀಸ, ಪಾದರಸ ಇದ್ಯಾ ಅನ್ನೋ ಪರೀಕ್ಷೆ, 22 ಥರ ಸಪ್ಲಿಮೆಂಟು, ವಾರಕ್ಕೊಂದು ಡ್ರಿಪ್ಪು. ‘ಮೂಲ ಕಾರಣ ಹುಡುಕ್ತೀವಿ, ಮರೆವನ್ನ ಹಿಂದಕ್ಕೆ ತಿರುಗಿಸಬಹುದು’ ಅಂದ್ರು. ಶನಿವಾರದೊಳಗೆ ಕಟ್ಟಿದ್ರೆ 15 ಪರ್ಸೆಂಟ್ ಕಡಿಮೆಯಂತೆ.

ಯಾರಾದ್ರೂ ಮಾಡ್ಸಿದೀರಾ? ಮಾಡ್ಸದೇ ಇದ್ರೆ ನಾಳೆ ಕೊರಗ್ತೀನೇನೋ ಅನ್ನಿಸ್ತಿದೆ.

ಮೆಡಿಕಲ್‌ಶಾಪ್_ಮಾಮ

ಶಶಿಯವರೇ, ಮಲ್ಲೇಶ್ವರದಲ್ಲಿ 35 ವರ್ಷ ಔಷಧಿ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟಿದ್ದೇನೆ. ಪ್ಯಾಕೇಜಿನ ಮಾತು ಆಮೇಲೆ. ಮೊದಲು ತಾಯಿಯವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳೆಲ್ಲ ಒಂದು ಕವರಿಗೆ ಹಾಕಿ, ಒಂದೊಂದರ ಹೆಸರು ಬರೆಯಿರಿ. ‘ಅದು ಬರೀ ತಲೆಸುತ್ತಿಗೆ’, ‘ಅದು ನೆಗಡಿಗೆ’ ಅಂತ ಯಾವುದನ್ನೂ ಬಿಡಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್ ವಾರಕ್ಕೆ ಅಂತ ಬರೆದದ್ದನ್ನು ವರ್ಷಗಟ್ಟಲೆ ನುಂಗುವವರನ್ನು ನೋಡಿದ್ದೇನೆ. ಹಳೇ ಚೀಟಿ ತೋರಿಸುತ್ತಾರೆ, ಅಂಗಡಿಯವನು ಕೊಡುತ್ತಾನೆ. ನಾನೂ ಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅದು ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ. ವಯಸ್ಸಾದವರಿಗೆ ಮಂಕು, ನಡಿಗೆ ನಿಧಾನ, ಕೈ ನಡುಕ ಬರಬಹುದು. ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಅದೇ ಜಾತಿ. ಇನ್ನು ಅಮಿಟ್ರಿಪ್ಟಿಲಿನ್, ಹಳೇ ಕಾಲದ ಅಲರ್ಜಿ ಮಾತ್ರೆಗಳು ನೆನಪಿಗೇ ಕೈ ಹಾಕುತ್ತವೆ.

ಇನ್ನೊಂದು ತಮಾಷೆ ಕೇಳಿ. ಡೊನೆಪೆಜಿಲ್ ತೆಗೆದುಕೊಂಡರೆ ಕೆಲವರಿಗೆ ಮೂತ್ರ ತಡೆಯಲಾಗುವುದಿಲ್ಲ. ಅದಕ್ಕೆ ಇನ್ನೊಬ್ಬ ಡಾಕ್ಟರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಮೊದಲನೆಯದು ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೆಚ್ಚಿಸಲು ಒದ್ದಾಡುತ್ತಿದ್ದರೆ ಎರಡನೆಯದು ಅದನ್ನೇ ತಡೆಯುತ್ತದೆ. ಎರಡಕ್ಕೂ ಬಿಲ್ಲು ಹಾಕಿದವನು ಒಬ್ಬನೇ!

ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ.

ವೀಣಾ_ವಿಜಯನಗರ

ಇಲ್ಲಿ ಎಲ್ಲರೂ ಸೇರಿ ಬೈತೀರ ಅಂತ ಗೊತ್ತಿದ್ದೂ ಬರೀತಿದೀನಿ. ನಮ್ಮಪ್ಪಂಗೆ ಒಂದು ವರ್ಷ ಫಂಕ್ಷನಲ್ ಮೆಡಿಸಿನ್ ಮಾಡ್ಸಿದ್ವಿ. ಬೇರೆ ಕ್ಲಿನಿಕ್ಕು, ಇಷ್ಟು ದುಬಾರಿ ಅಲ್ಲ. ಅವರು ಮೈದಾ, ಸಕ್ಕರೆ ನಿಲ್ಲಿಸಿದ್ರು, ರಾತ್ರಿ ಊಟ ಏಳು ಗಂಟೆಗೆ ತಂದ್ರು, ದಿನಾ ಮುಕ್ಕಾಲು ಗಂಟೆ ನಡೆಸಿದ್ರು. ‘ಗೊರಕೆ ಹೊಡೀತಾರಾ, ಮಧ್ಯೆ ಉಸಿರು ನಿಲ್ಲತ್ತಾ’ ಅಂತ ಅಮ್ಮನ್ನ ಕೇಳಿದ ಮೊದಲ ಡಾಕ್ಟರು ಅವರೇ. ಸ್ಲೀಪ್ ಟೆಸ್ಟ್ ಮಾಡ್ಸಿದ್ರೆ ಸ್ಲೀಪ್ ಆಪ್ನಿಯಾ. ಈಗ ಮೂಗಿಗೆ ಮಷೀನ್ ಹಾಕ್ಕೊಂಡು ಮಲಗ್ತಾರೆ. ಬೆಳಗ್ಗೆ ಪೇಪರ್ ಓದ್ತಾ ತೂಕಡಿಸೋದು ನಿಂತಿದೆ. ಶುಗರ್ ಕಂಟ್ರೋಲಿಗೆ ಬಂದಿದೆ, 7 ಕೆಜಿ ಇಳಿದಿದಾರೆ.

ನೆನಪು? ಪ್ರಾಮಾಣಿಕವಾಗಿ ಹೇಳ್ತೀನಿ, ಹಾಗೇ ಇದೆ. ಜಾಸ್ತಿ ಹಾಳಾಗಿಲ್ಲ ಅನ್ಸತ್ತೆ. ಡ್ರಿಪ್ಪಿಂದ ಏನಾದ್ರೂ ಆಯ್ತಾ ಅಂದ್ರೆ, ನಂಗೆ ಕಾಣ್ಲಿಲ್ಲ.

ಆದ್ರೆ ನಾಲ್ಕು ನಿಮಿಷದ ಡಾಕ್ಟರು ಗೊರಕೆ ಬಗ್ಗೆ ಯಾಕೆ ಕೇಳ್ಲಿಲ್ಲ? ಅದಕ್ಕೆ ಯಾರಾದ್ರೂ ಉತ್ತರ ಕೊಡಿ.

ನ್ಯೂರೋ_ಪೀಜಿ

ವೀಣಾ ಮೇಡಂ, ಬೈಯಲ್ಲ. ನಿಮ್ಮ ಪ್ರಶ್ನೆಗೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ. ಒಂದು ಒಪಿಡಿಯಲ್ಲಿ ಎಷ್ಟು ಜನ ಕೂತಿರ್ತಾರೆ ಅಂತ ಹೇಳಬಹುದು, ಅದು ಕಾರಣ ಅಷ್ಟೇ, ನೆಪ ಆಗಬಾರದು. ನ್ಯೂರಾಲಜಿ ಓದ್ತಿರೋನು ನಾನು, ಅದನ್ನ ಮನಸಲ್ಲಿಟ್ಟುಕೊಂಡೇ ಓದಿ.

ಈ ‘ಹಿಂದಕ್ಕೆ ತಿರುಗಿಸ್ತೀವಿ’ ಅನ್ನೋದರ ಮೂಲ ಎಲ್ಲಿ ಅಂದ್ರೆ, ‘ಫಂಕ್ಷನಲ್ ಮೆಡಿಸಿನ್’ ಅನ್ನೋ ಹೆಸರು ಅಮೆರಿಕದ ಜೆಫ್ರಿ ಬ್ಲಾಂಡ್ ಅವರಿಂದ ಬೆಳೆದದ್ದು, 1991ರಲ್ಲಿ ಅದಕ್ಕೊಂದು ಸಂಸ್ಥೆ ಆಯ್ತು. ಮರೆವಿನ ಕಾಯಿಲೆಗೆ ಅದನ್ನ ತಂದವರು ಡೇಲ್ ಬ್ರೆಡೆಸನ್. ಇವರು ಸ್ವತಃ ನ್ಯೂರಾಲಜಿಸ್ಟ್. ಅಲ್ಜೈಮರ್ಸ್ ಅನ್ನೋದು 36 ತೂತಿರೋ ಸೂರು, ಒಂದು ಮಾತ್ರೆ ಒಂದು ತೂತು ಮುಚ್ಚತ್ತೆ, ಎಲ್ಲಾ ಒಟ್ಟಿಗೆ ಮುಚ್ಚಬೇಕು ಅನ್ನೋದು ಅವರ ವಾದ. ಕೇಳೋಕೆ ಚೆನ್ನಾಗಿದೆ. 2014ರಲ್ಲಿ ಅವರು ಪ್ರಕಟಿಸಿದ್ದು 10 ಜನ ರೋಗಿಗಳ ಕಥೆ. ಅದರಲ್ಲಿ 9 ಜನಕ್ಕೆ ಸುಧಾರಿಸ್ತು ಅಂದ್ರು. ಹೋಲಿಸಿ ನೋಡೋಕೆ ಬೇರೆ ಗುಂಪೇ ಇರ್ಲಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದ ಜೊಆನಾ ಹೆಲ್ಮತ್ ಅನ್ನೋ ನ್ಯೂರಾಲಜಿಸ್ಟ್ ಲ್ಯಾನ್ಸೆಟ್ ನ್ಯೂರಾಲಜಿ ಅನ್ನೋ ವೈದ್ಯ ಪತ್ರಿಕೆಯಲ್ಲಿ ಈ ಕೊರತೆಗಳನ್ನ ಬಿಡಿಸಿ ಬರೆದ್ರು.

ವೀಣಾ ಮೇಡಂ ‘ಜಾಸ್ತಿ ಹಾಳಾಗಿಲ್ಲ’ ಅಂದ್ರಲ್ಲ, ತೊಡಕಿರೋದು ಅಲ್ಲೇ. ಶುರುವಿನ ಹಂತದಲ್ಲಿ ಏನೂ ಮಾಡದಿದ್ರೂ ಒಂದು ವರ್ಷ ಹೆಚ್ಚು ವ್ಯತ್ಯಾಸ ಕಾಣದವರು ಎಷ್ಟೋ ಜನ ಇದಾರೆ. ನಿದ್ದೆ ಸರಿ ಹೋದ್ರೆ ಗಮನ ಸರಿ ಹೋಗತ್ತೆ, ಗಮನ ಸರಿ ಹೋದ್ರೆ ನೆನಪೂ ಸುಧಾರಿಸಿದ ಹಾಗೆ ಕಾಣತ್ತೆ. ಲಾಭ ನಿಜವಾದದ್ದೇ. ಕಾಯಿಲೆ ಹಿಂದಕ್ಕೆ ಹೋಗಿದ್ದರಿಂದ ಬಂದಿದ್ದಲ್ಲ ಅಷ್ಟೇ.

ಹಾಗಂತ ಜೀವನಶೈಲಿ ಬದಲಾಯಿಸೋದು ಟೊಳ್ಳು ಅಂತಲ್ಲ. ಫಿನ್‌ಲ್ಯಾಂಡಿನಲ್ಲಿ 60ರಿಂದ 77 ವರ್ಷದ 1,260 ಜನರ ಮೇಲೆ ಎರಡು ವರ್ಷ ಫಿಂಗರ್ ಅನ್ನೋ ಪ್ರಯೋಗ ನಡೀತು. ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ ಶುಗರಿನ ನಿಗಾ, ನಾಲ್ಕೂ ಒಟ್ಟಿಗೆ. ಬರೀ ಸಲಹೆ ಕೇಳಿ ಮನೆಗೆ ಹೋದವರಿಗಿಂತ ಇವರ ಅಂಕ ಸ್ವಲ್ಪ ಮೇಲಿತ್ತು. 2015ರಲ್ಲಿ ಪ್ರಕಟ ಆಯ್ತು. 2025ರಲ್ಲಿ ಅಮೆರಿಕದ ಪಾಯಿಂಟರ್ ಪ್ರಯೋಗ, 2,111 ಜನ, ಹೆಚ್ಚುಕಡಿಮೆ ಅದೇ ಫಲ. ಆದ್ರೆ ಎರಡರಲ್ಲೂ ಇದ್ದವರು ಕಾಯಿಲೆ ಬರೋ ಅಪಾಯ ಇದ್ದವರು, ಬಂದವರಲ್ಲ. ಆಗಲೇ ಮರೆವು ಶುರುವಾದವರ ಮೇಲೆ ಡೀನ್ ಆರ್ನಿಷ್ 2024ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಕೆಲವರಿಗೆ ಸುಧಾರಣೆ ಕಂಡಿದೆ. 51 ಜನ, 20 ವಾರ. ಕುತೂಹಲ ಹುಟ್ಟಿಸತ್ತೆ, ಅದನ್ನ ನಂಬಿ ಎರಡೂವರೆ ಲಕ್ಷ ಕಟ್ಟೋ ಅಷ್ಟಲ್ಲ.

ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸೋ 14 ಅಂಶ ಪಟ್ಟಿ ಮಾಡಿದೆ: ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಕಿವಿ, ಕಣ್ಣು, ಒಂಟಿತನ, ಖಿನ್ನತೆ ಇತ್ಯಾದಿ. ಎಲ್ಲಾ ಸರಿ ಇದ್ರೆ ಜಗತ್ತಿನ ಡಿಮೆನ್ಷಿಯಾದಲ್ಲಿ 45 ಪರ್ಸೆಂಟ್ ತಡೀಬಹುದು ಅಥವಾ ಮುಂದೂಡಬಹುದು ಅಂತ ಅಂದಾಜು. ಡ್ರಿಪ್ಪು ಆ ಪಟ್ಟಿಯಲ್ಲಿ ಇಲ್ಲ.

ಶಶಿ ಸರ್, ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿದಾರಾ? ಕಿವಿ ಹೇಗಿದೆ?

ಕ್ರಾಂತಿ_ಕಿಡಿ

ಎಲ್ಲಾ ಫಾರ್ಮಾ ಮಾಫಿಯಾ. ಅಜ್ಜಿಗೆ ಬ್ರಾಹ್ಮಿ ತುಪ್ಪ, ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಕೊಡಿ. ನಮ್ಮ ಹಿರಿಯರಿಗೆ ಅಲ್ಜೈಮರ್ಸೇ ಇರ್ಲಿಲ್ಲ.

ಮೆಡಿಕಲ್‌ಶಾಪ್_ಮಾಮ

ಇತ್ತು ತಮ್ಮಾ. ‘ಅರಳುಮರಳು’ ಅಂತ ಹೆಸರಿತ್ತು. ನಮ್ಮಜ್ಜಿಗೂ ಇತ್ತು, ಮನೆಯಲ್ಲೇ ಬ್ರಾಹ್ಮಿ ಗಿಡವೂ ಇತ್ತು.

ಧಾರವಾಡ_ಪೇಢೆ

ನಾವು ಧಾರವಾಡದವರು, ಈಗ ನಾಗರಬಾವಿಯೊಳಗ ಇರ್ತೀವಿ. ನಮ್ಮಪ್ಪಗ ಪಾರ್ಕಿನ್ಸನ್ ಆಗಿ ಆರು ವರ್ಷ ಆತು, ಅದಕ್ಕ ಲೆವೊಡೋಪಾ ಗುಳಿಗಿ ತಗೋತಾರ. ನಂದೂ ಒಂದು ಕತಿ ಕೇಳ್ರಿ.

ಆನ್‌ಲೈನ್‌ನ್ಯಾಗ ಒಬ್ಬ ಹೆಲ್ತ್ ಕೋಚ್ ಸಿಕ್ಕಿದ್ದ. ‘ಲೆವೊಡೋಪಾ ಕೆಮಿಕಲ್, ಅದನ್ನ ಬಿಡ್ರಿ, ನಸಗುನ್ನಿ ಬೀಜದ ಪುಡಿ ಕೊಡ್ರಿ, ನ್ಯಾಚುರಲ್’ ಅಂದ. ನನ್ನ ತಮ್ಮ ಕೇಳಿಬಿಟ್ಟ. ನಾಲ್ಕನೇ ದಿನ ಅಪ್ಪ ಬಚ್ಚಲಮನಿ ಹೊಸ್ತಿಲದಾಗ ನಿಂತವರು ನಿಂತಂಗ ನಿಂತ್ರು. ಕಾಲು ಕಿತ್ತಲಿಕ್ಕೆ ಬರವಲ್ದು. ಒಳಗೂ ಹೋಗವಲ್ರು, ಹೊರಗೂ ಬರವಲ್ರು, ಬಾಗಲ ಚೌಕಟ್ಟು ಎರಡೂ ಕೈಲೆ ಗಟ್ಟಿ ಹಿಡಕೊಂಡು ಬೆವರಾಕತ್ತಿದ್ರು. ರಾತ್ರಿ ಜ್ವರ ಬಂತು, ಮೈ ಕಟ್ಟಿಗಿ ಆತು. ಆಂಬುಲೆನ್ಸ್‌ನ್ಯಾಗ ಒಯ್ದ್ವಿ. ಡಾಕ್ಟ್ರು ನಮ್ಮನ್ನ ಬೈದದ್ದು ಬೈದದ್ದೇ.

ಆಮ್ಯಾಲ ಗೊತ್ತಾತು, ನಸಗುನ್ನಿಯೊಳಗ ಇರೋದೂ ಲೆವೊಡೋಪಾನ! ಆದ್ರ ಯಾವ ಡಬ್ಬಿಯೊಳಗ ಎಷ್ಟದ ಅಂತ ಅಳತಿ ಇಲ್ಲ, ಗುಳಿಗಿಯೊಳಗ ಜೋಡಿ ಇರೋ ಕಾರ್ಬಿಡೋಪಾನೂ ಇಲ್ಲ. ಕಾರ್ಬಿಡೋಪಾ ಇಲ್ಲಂದ್ರ ಮಿದುಳಿಗೆ ಮುಟ್ಟೋದಕ್ಕಿಂತ ಮೊದಲ ಹೊರಗ ಖರ್ಚಾಗಿ ಹೋಗತದಂತ.

ಡಾಕ್ಟ್ರಿಂತ ಹೆಚ್ಚು ಉಪಯೋಗ ಆಗಿದ್ದು ಫಿಸಿಯೋಥೆರಪಿ ಹುಡುಗಿ. ಬಚ್ಚಲದ ಹಾದಿಯೊಳಗ ನೆಲಕ್ಕ ಹಳದಿ ಟೇಪ್ ಗೆರಿ ಹಚ್ಚಿದ್ಲು, ಒಂದೂವರೆ ಫೂಟಿಗೊಂದು. ಕಾಲು ಅಂಟಿದಾಗ ಗೆರಿ ದಾಟ್ರಿ ಅಂದ್ರ ದಾಟತಾರ! ಟೇಪಿಗೆ 60 ರೂಪಾಯಿ. ಮತ್ತ ಗುಳಿಗಿ ಊಟಕ್ಕಿಂತ ಅರ್ಧಾ ತಾಸು ಮೊದಲ. ಬ್ಯಾಳಿ, ಮೊಸರು, ಪನೀರು ಜೋಡಿ ತಗೊಂಡ್ರ ಕೆಲಸ ಮಾಡಂಗಿಲ್ಲ, ಪ್ರೋಟೀನೂ ಅದೂ ಒಂದ ಬಾಗಲಕ್ಕ ಜಗಳಾಡತಾವ. ಕಬ್ಬಿಣದ ಗುಳಿಗಿನೂ ದೂರ ಇಡ್ರಿ.

ನ್ಯೂರೋ_ಪೀಜಿ

ಇದನ್ನ ಎಲ್ಲರೂ ಎರಡು ಸಲ ಓದಿ. ಲೆವೊಡೋಪಾ ಒಮ್ಮೆಲೇ ನಿಲ್ಲಿಸಿದ್ರೆ ಜ್ವರ, ಮೈ ಬಿಗಿತ, ಪ್ರಜ್ಞೆ ತಪ್ಪೋದು ಆಗಿ ಪ್ರಾಣಕ್ಕೇ ಬರಬಹುದು. ಪಾರ್ಕಿನ್ಸನ್ಸ್‌ಗೆ ಅಂತ ಮಾರೋ ಕೋಎನ್‌ಜೈಮ್ ಕ್ಯೂ10ನ 600 ಜನರ ಮೇಲೆ ಪರೀಕ್ಷೆ ಮಾಡಿದ್ರು, ಉಪಯೋಗ ಕಾಣದೇ ಅರ್ಧಕ್ಕೇ ನಿಲ್ಲಿಸಿದ್ರು. 2014ರಲ್ಲಿ ಅದು ಅಚ್ಚಾಗಿದೆ. ಗ್ಲುಟಾಥಯೋನ್ ಡ್ರಿಪ್ ಕೂಡ 2009ರ ಒಂದು ಸಣ್ಣ ಪ್ರಯೋಗದಲ್ಲಿ ಔಷಧಿ ಇಲ್ಲದ ಸುಳ್ಳು ಡ್ರಿಪ್ಪಿಗಿಂತ ಖಚಿತವಾಗಿ ಮೇಲೆ ಅಂತ ತೋರ್ಲಿಲ್ಲ. ಅದೇ ಡ್ರಿಪ್ಪು ಮೈಬಣ್ಣ ಬೆಳ್ಳಗಾಗತ್ತೆ ಅಂತ ಬ್ಯೂಟಿ ಕ್ಲಿನಿಕ್ಕಲ್ಲೂ ಹಾಕ್ತಾರೆ, ನೆನಪಿರಲಿ.

ಲ್ಯಾಬ್_ರಾತ್ರಿಪಾಳಿ

ಲ್ಯಾಬಲ್ಲಿ ಕೆಲಸ ಮಾಡ್ತೀನಿ, ಈ ಪ್ಯಾಕೇಜುಗಳ ಸ್ಯಾಂಪಲ್ ನಮ್ಮ ಕೈ ಮೇಲೇ ಹೋಗೋದು. ಸೀಸ, ಪಾದರಸದ ಪರೀಕ್ಷೆ ಹೇಗೆ ಮಾಡ್ತಾರೆ ಕೇಳಿ ಶಶಿ. ಮೊದಲು ಲೋಹ ಎಳೆಯೋ ಮಾತ್ರೆ ಕೊಟ್ಟು, ಆಮೇಲೆ ಮೂತ್ರ ಹಿಡಿದ್ರೆ ಯಾರಿಗೆ ಬೇಕಾದ್ರೂ ಜಾಸ್ತಿ ತೋರ್ಸತ್ತೆ. ಅದನ್ನ ಮಾತ್ರೆ ಇಲ್ಲದಾಗಿನ ಲೆವೆಲ್ ಜೊತೆ ಹೋಲಿಸಿ ಕೆಂಪಕ್ಷರದಲ್ಲಿ ಪ್ರಿಂಟ್ ಕೊಡ್ತಾರೆ. ಅಮೆರಿಕದ ವಿಷವೈದ್ಯರ ಸಂಘವೇ ಈ ಪದ್ಧತಿ ಬೇಡ ಅಂದಿದೆ. ನಿಜವಾಗಿ ಅನುಮಾನ ಇದ್ರೆ, ಅಂದ್ರೆ ಆಯುರ್ವೇದದ ಭಸ್ಮ ತಿಂದಿದ್ರೆ, ಬ್ಯಾಟರಿ ಕೆಲಸ ಮಾಡಿದ್ರೆ, ರಕ್ತದಲ್ಲಿ ಸೀಸ ನೋಡಿದ್ರೆ ಸಾಕು.

ಯಾವ ಆಹಾರ ಆಗಲ್ಲ ಅನ್ನೋ ಐಜಿಜಿ (ರಕ್ತದಲ್ಲಿರೋ ಒಂದು ಬಗೆಯ ಪ್ರತಿಕಾಯ) ಪರೀಕ್ಷೆನೂ ಅಷ್ಟೇ. ನೀವು ದಿನಾ ತಿನ್ನೋದಕ್ಕೇ ಐಜಿಜಿ ಬರತ್ತೆ. ನಮ್ಮ ಕಡೆಯವರಿಗೆ ಹಾಲು, ಗೋಧಿ, ಕಡಲೆಕಾಯಿ ಬರದೇ ಇನ್ನೇನು ಬರತ್ತೆ? ಒಬ್ಬ ಅಜ್ಜಿ ರಿಪೋರ್ಟ್ ನೋಡಿ ಮೊಸರನ್ನ ಬಿಟ್ಟುಬಿಟ್ರು. 74 ವರ್ಷ ತಿಂದ ಮೊಸರನ್ನ!

ಗಿರಿನಗರ_ಶಶಿ

ಮಾಮ ಹೇಳಿದ ಹಾಗೆ ನಿನ್ನೆ ರಾತ್ರಿ ಎಲ್ಲಾ ಮಾತ್ರೆ ಊಟದ ಮೇಜಿನ ಮೇಲೆ ಸುರಿದೆ. ನಾಚಿಕೆ ಆಯ್ತು. ಶುಗರಿಗೆ ಮೆಟ್‌ಫಾರ್ಮಿನ್ 9 ವರ್ಷದಿಂದ. ಬಿಪಿ ಮಾತ್ರೆ ಇದೆ, ಆದ್ರೆ ಸ್ಟ್ರಿಪ್ಪಲ್ಲಿ ಎಲ್ಲೆಲ್ಲೋ ಮಧ್ಯೆ ತೂತು, ಅಂದ್ರೆ ದಿನಾ ತಗೊಂಡಿಲ್ಲ. ಆಮೇಲೆ ಸಿನ್ನಾರಿಜಿನ್. ಮೂರು ವರ್ಷದ ಹಿಂದೆ ತಲೆಸುತ್ತು ಬಂದಿತ್ತು, ಅವತ್ತಿಂದ ದಿನಕ್ಕೆರಡು. ಯಾರೂ ನಿಲ್ಸಿ ಅಂದಿಲ್ಲ, ನಾವೂ ಕೇಳಿಲ್ಲ.

ಹಳೇ ಫೈಲಲ್ಲಿ ಬಿ12 ಇರ್ಲೇ ಇಲ್ಲ. ಇವತ್ತು ಮಾಡ್ಸಿದೆ. 142.

ಕಿವಿ ಬಗ್ಗೆ ಕೇಳಿದ್ರಲ್ಲ, ಟಿವಿ ವಾಲ್ಯೂಮ್ 40ರಲ್ಲಿರತ್ತೆ. ನಾವು ಅದನ್ನ ವಯಸ್ಸು ಅಂದ್ಕೊಂಡಿದ್ವಿ.

ಅಂದ್ರೆ ಇದು ಅಲ್ಜೈಮರ್ಸ್ ಅಲ್ಲವೇ ಅಲ್ಲ ಅಂತಾನಾ?

ನ್ಯೂರೋ_ಪೀಜಿ

ಆತುರ ಬೇಡ ಸರ್. 200ರ ಕೆಳಗೆ ಅಂದ್ರೆ ಕೊರತೆ ಅಂತಲೇ ಲೆಕ್ಕ. ಸಸ್ಯಾಹಾರ, ಜೊತೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಎರಡೂ ಬಿ12 ಇಳಿಸತ್ವೆ. ಇಂಜೆಕ್ಷನ್ ಬೇಕಾಗಬಹುದು, ಡಾಕ್ಟ್ರು ಹೇಳ್ತಾರೆ. ಆದ್ರೆ ಬಿ12 ಕಡಿಮೆ ಇದ್ದೂ ಅಲ್ಜೈಮರ್ಸ್ ಇರಬಹುದು. ಇವೆಲ್ಲಾ ಸರಿ ಮಾಡಿ ಮೂರ್ನಾಲ್ಕು ತಿಂಗಳಾದ ಮೇಲೆ ನೆನಪಿನ ಪರೀಕ್ಷೆ ಮತ್ತೆ ಮಾಡ್ಸಿದ್ರೆ, ಉಳಿದಿರೋದು ಎಷ್ಟು ಅಂತ ಗೊತ್ತಾಗತ್ತೆ. ಅಲ್ಲಿವರೆಗೂ ಡೊನೆಪೆಜಿಲ್ ನೀವಾಗಿ ನಿಲ್ಲಿಸಬೇಡಿ.

ವೀಣಾ_ವಿಜಯನಗರ

ನೋಡಿ, ಇದನ್ನೇ ನಾನು ಹೇಳಿದ್ದು. ಮೂಲ ಕಾರಣ ಹುಡುಕಬೇಕು ಅಂತ. ಹೆಸರು ಯಾವುದಾದ್ರೆ ಏನು.

ನ್ಯೂರೋ_ಪೀಜಿ

ಒಪ್ಪಿದೆ ಮೇಡಂ. ಹುಡುಕೋದು ನಮ್ಮ ಕೆಲಸವೇ, ಹೊಸ ವೈದ್ಯಪದ್ಧತಿ ಅಲ್ಲ. ನಾವು ಮಾಡದೇ ಬಿಟ್ಟ ಜಾಗಕ್ಕೆ ಅವರು ಬಂದು ಕೂತಿದಾರೆ. ಗೊರಕೆ ಕೇಳಿದ್ದಕ್ಕೆ ಅವರಿಗೆ ನಮಸ್ಕಾರ, 22 ಡಬ್ಬಿಗೆ ಇಲ್ಲ.

ಕಸ್ತೂರಿನಗರ_ಸೊಸೆ

ಅತ್ತೆಯನ್ನು ಏಳು ವರ್ಷ ನೋಡಿಕೊಂಡವಳು ನಾನು. ಶಶಿಯವರೇ, ಆ 2 ಲಕ್ಷ 40 ಸಾವಿರವನ್ನು ಎತ್ತಿಡಿ. ಮುಂದೆ ನೋಡಿಕೊಳ್ಳುವವರು ಬೇಕಾಗುತ್ತಾರೆ, ಆಗ ಒಂದೊಂದು ಸಾವಿರವೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಯಾವ ಕ್ಲಿನಿಕ್ಕೂ ಹೇಳುವುದಿಲ್ಲ.

ನಿಮ್ಹಾನ್ಸ್‌ನಲ್ಲಿ ವಯಸ್ಸಾದವರಿಗೇ ಅಂತ ಬೇರೆ ಕ್ಲಿನಿಕ್ ಇದೆ. 2022ರಲ್ಲಿ ಸರ್ಕಾರದ ಜೊತೆ ಅವರು ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದ್ದರು. ನಮ್ಮ ಏರಿಯಾದಲ್ಲೇ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರ ಡಿಮೆನ್ಷಿಯಾ ಕೇಂದ್ರವಿದೆ. ಹಿರಿಯರ ಸಹಾಯವಾಣಿ 14567. ಎಲ್ಲಕ್ಕಿಂತ ಮೊದಲು ಬ್ಯಾಂಕ್ ಖಾತೆಗೆ ಜಂಟಿ ಹೆಸರು, ವಿಲ್ಲು, ಇವನ್ನು ಅಮ್ಮನಿಗೆ ಚೆನ್ನಾಗಿ ತಿಳಿಯುವಾಗಲೇ ಅವರನ್ನು ಕೂರಿಸಿಕೊಂಡು ಮಾಡಿ. ನಾವು ತಡ ಮಾಡಿದೆವು. ಅತ್ತೆಯ ಪೆನ್ಷನ್ ಖಾತೆಗೆ ಸಹಿ ಹೊಂದಲಿಲ್ಲ ಅಂತ ಎಂಟು ತಿಂಗಳು ಅಲೆದೆವು.

ಭಾರತದಲ್ಲಿ 60 ದಾಟಿದವರಲ್ಲಿ 7.4 ಪರ್ಸೆಂಟ್ ಜನಕ್ಕೆ ಡಿಮೆನ್ಷಿಯಾ ಅಂತ 2023ರ ಒಂದು ಅಧ್ಯಯನದ ಅಂದಾಜು. 88 ಲಕ್ಷ ಜನ. ಅಷ್ಟು ಮನೆಗಳಲ್ಲಿ ಒಬ್ಬೊಬ್ಬರು ಹೆಂಗಸರು ಕೆಲಸ ಬಿಟ್ಟು ಕೂತಿದ್ದಾರೆ ಅಂತ ನನ್ನ ಅನುಮಾನ.

ಗಿರಿನಗರ_ಶಶಿ (ಐದು ತಿಂಗಳ ಮೇಲೆ)

ಏನಾಯ್ತು ಅಂತ ಮೂರ್ನಾಲ್ಕು ಜನ ಮೆಸೇಜ್ ಮಾಡಿದ್ರಿ, ಅದಕ್ಕೆ ಬರೀತಿದೀನಿ.

ಪ್ಯಾಕೇಜ್ ತಗೊಳ್ಲಿಲ್ಲ. ಚಿಕ್ಕಪ್ಪನ ಮಗ ಇನ್ನೂ ಮುನಿಸಿಕೊಂಡಿದಾನೆ. ಮುದುಕರನ್ನ ನೋಡೋದಕ್ಕೇ ಓದಿರೋ ಒಬ್ಬ ಜೀರಿಯಾಟ್ರಿಕ್ ಡಾಕ್ಟ್ರು ಸಿಕ್ಕಿದ್ರು, ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದ್ರು, ಫೀಸು 1,200. ಸಿನ್ನಾರಿಜಿನ್ ನಿಲ್ಲಿಸಿದ್ರು. ಬಿ12 ಇಂಜೆಕ್ಷನ್ ನಡೀತಿದೆ. ಬಿಪಿ ಮಾತ್ರೆ ವಾರದ ಡಬ್ಬಿಗೆ ಹಾಕಿ ನಾನೇ ಕೊಡ್ತೀನಿ. ಸಾಯಂಕಾಲ ನನ್ನ ಹೆಂಡತಿ ಕೃಷ್ಣರಾವ್ ಪಾರ್ಕಿಗೆ ಕರ್ಕೊಂಡು ಹೋಗ್ತಾಳೆ. ಅಲ್ಲಿ ಇವರ ಹಳೇ ಶಿಷ್ಯೆ ಒಬ್ಬಳು ಸಿಕ್ಕಿ ಈಗ ಮೂವರೂ ನಡೀತಾರೆ. ಎರಡೂ ಕಿವಿಗೆ ಹಿಯರಿಂಗ್ ಏಡ್ ಆಯ್ತು, ಮೊದಲ ವಾರ ‘ಫ್ಯಾನ್ ಇಷ್ಟೊಂದು ಸದ್ದು ಮಾಡತ್ತಾ’ ಅಂತ ಬೈದ್ರು.

ಮಂಕು ಹೋಗಿದೆ. ಮಾತಾಡ್ತಾರೆ, ಜಗಳಾನೂ ಆಡ್ತಾರೆ. ನೆನಪಿನ ಪರೀಕ್ಷೆ ಮತ್ತೆ ಮಾಡಿದ್ರು, ಎರಡು ಅಂಕ ಜಾಸ್ತಿ ಬಂತು. ಆದ್ರೆ ಕಾಯಿಲೆ ಇದೆ ಅಂತಲೇ ಹೇಳಿದ್ರು, ಡೊನೆಪೆಜಿಲ್ ಮುಂದುವರಿದಿದೆ. ಚೀಟಿ ಲೆಕ್ಕ ಪಕ್ಕದ ಮನೆಯವರಿಗೆ ಕೊಟ್ಟಾಯ್ತು. ಪುಸ್ತಕ ಕೊಡೋ ದಿನ ಅಮ್ಮ ಕೊನೇ ಪುಟದ ಕೂಡುವಿಕೆ ಮೂರು ಸಲ ಮಾಡಿದ್ರು. ಎರಡು ಸಲ ಒಂದೇ ಉತ್ತರ ಬಂತು, ಅದನ್ನೇ ಬರೆದು ಅಡಿಗೆರೆ ಎಳೆದ್ರು.

ಒಂದು ಪ್ರಶ್ನೆ ಮಾತ್ರ. ಹಿಯರಿಂಗ್ ಏಡಿಗೆ 312 ಸೈಜಿನ ಬ್ಯಾಟರಿ, ಕಂದು ಬಣ್ಣದ ಸ್ಟಿಕ್ಕರ್ ಇರೋದು, ವಾರಕ್ಕೊಂದು ಜೊತೆ ಖಾಲಿ ಆಗ್ತಿದೆ. ಗಾಂಧಿಬಜಾರ್ ಕಡೆ ಸಗಟಲ್ಲಿ ಎಲ್ಲಿ ಸಿಗತ್ತೆ? ಮಾತ್ರೆ ಡಬ್ಬಿ ಪಕ್ಕ ಇಟ್ಟುಬಿಟ್ರೆ ಮರೆಯಲ್ಲ ಅಂತ ಒಂದು ಬಾಕ್ಸ್ ತಂದಿಡೋಣ ಅಂತ.

ಮೆಡಿಕಲ್‌ಶಾಪ್_ಮಾಮ

ಬ್ಯಾಟರಿ ಎಲ್ಲಿ ಬೇಕಾದರೂ ಸಿಗುತ್ತದೆ, ನಾನೇ ಕಳಿಸುತ್ತೇನೆ. ಮಾತ್ರೆ ಡಬ್ಬಿ ಪಕ್ಕ ಮಾತ್ರ ಇಡಬೇಡಿ ಮಾರಾಯರೇ! ಗುಂಡಗೆ, ಚಿಕ್ಕದಾಗಿ ಮಾತ್ರೆಯ ಹಾಗೇ ಇರುತ್ತದೆ, ನುಂಗಿಬಿಡುತ್ತಾರೆ. ನಮ್ಮ ಅಂಗಡಿಗೆ ಹಾಗೆ ಓಡಿ ಬಂದವರಿದ್ದಾರೆ. ಬೇರೆ ರೂಮಲ್ಲಿ, ಬೀರುವಿನ ಒಳಗೆ ಇಡಿ. ಹಳೇದು ತೆಗೆದ ತಕ್ಷಣ ನೀವೇ ಎಣಿಸಿ ಇಸ್ಕೊಳ್ಳಿ.